ನೆಲದ ಮೇಲೊಂದು ನೆಲ

ಸಗಣಿ ಸಾರಿಸಿದ ನೆಲದ ಜಾಗಕ್ಕೆ ಗಾರೆ ಬಂದಿತು, ಗಾರೆಯ ಮೇಲೆ ಕೆಂಪು ಬಣ್ಣದ ಸಿಮೆಂಟು ನೆಲ ಬಂದಿತು, ಅದೂ ಹಳತಾಯಿತೆಂದು ಟೈಲ್ಸ್ ಬಂದಿತು. ಈಗ ಮರದ ಹಲಗೆಯಂತೆ ಕಾಣುವ, ಒಂದರ ಅಂಚನ್ನು ಮತ್ತೊಂದರ ಅಂಚಿಗೆ ಸಿಕ್ಕಿಸಿ ಹಾಸುವ ವಿನೈಲ್ ಪಟ್ಟಿಗಳ ಸರದಿ. ಅಂಟು ಬೇಡ, ಹಳೆಯ ನೆಲವನ್ನು ಅಗೆಯುವುದೂ ಬೇಡ, ಎರಡು ದಿನದಲ್ಲಿ ಮನೆ ಹೊಸದಾಗುತ್ತದೆ ಎಂಬುದು ಮಾರುವವರ ಮಾತು.

ಹೆಗ್ಗೋಡಿನ ಸಮೀಪದ ಭಕ್ತರೊಬ್ಬರು ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಕೇಳಿದ್ದಾರೆ. ಅವರ ಮನೆಯ ಕೆಂಪು ನೆಲ ಅಲ್ಲಲ್ಲಿ ಬಿರಿದಿದೆ, ತಗ್ಗು ಬಿದ್ದಿದೆ. ವಯೋವೃದ್ಧರಾದ ತಾಯಿಯವರಿಗೆ ಮಳೆಗಾಲದಲ್ಲಿ ಆ ನೆಲದ ಥಂಡಿ ತಡೆಯಲಾಗದು. ಈ ಸಲದ ಅಡಿಕೆಯ ಹಣವನ್ನೆಲ್ಲ ಹಾಕಿ ಇಡೀ ಮನೆಗೆ ವಿನೈಲ್ ಹಾಸಬಹುದೆ ಎಂಬುದು ಪ್ರಶ್ನೆ. ಮಠದ ಕಟ್ಟಡಗಳ ಕೆಲಸವನ್ನು ಹಲವು ವರ್ಷ ನೋಡಿಕೊಂಡವರಾದ ನಾವು ಆಷಾಢದಲ್ಲಿ ಅವರ ಮನೆಗೆ ಹೋಗಿ ನೆಲವನ್ನು ನೋಡಿ ಬಂದೆವು. ಆಷಾಢವನ್ನೇ ಆರಿಸಿಕೊಂಡುದು ಬೇಕೆಂದೇ. ಬೇಸಿಗೆಯಲ್ಲಿ ಮಲೆನಾಡಿನ ಯಾವ ನೆಲವೂ ತನ್ನ ನಿಜವನ್ನು ಹೇಳುವುದಿಲ್ಲ.

ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ಕಂಡವರಿಗೆ ನೆನಪಿರಬಹುದು, ಗರ್ಭಗುಡಿಯ ಮುಂದಿನ ನೆಲಗಲ್ಲಿನಲ್ಲಿ ಕೆಳದಿಯ ಮೂವರು ಅರಸರು ನಮಸ್ಕರಿಸುತ್ತಿರುವ ಆಕೃತಿಗಳಿವೆ. ಅಲ್ಲಿ ಕಲ್ಲು ತನ್ನ ಭಾರದಿಂದಲೇ ನಿಂತಿದೆ. ನಾಲ್ಕೈದು ಮಿ.ಮೀ. ದಪ್ಪದ ವಿನೈಲಿಗೆ ಆ ಭಾರವಿಲ್ಲ. ಕೆಳಗಿನ ನೆಲ ಹೇಗೋ ಅದೂ ಹಾಗೆಯೇ.

ಮೊದಲು ನೋಡಬೇಕಾದುದು ತೇವ. ಒಂದೂವರೆ ಅಡಿ ಚೌಕದ ಪಾಲಿಥಿನ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕು ಅಂಚುಗಳಿಗೂ ಟೇಪು ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡಬೇಕು. ಹಾಳೆಯ ಮೇಲ್ಭಾಗದಲ್ಲಿ ಮಾತ್ರ ಹನಿಗಳಿದ್ದರೆ ಅದು ಗಾಳಿಯ ತೇವ. ಅಡಿಭಾಗದಲ್ಲಿದ್ದರೆ ನೆಲದೊಳಗಿನಿಂದಲೇ ತೇವ ಏರುತ್ತಿದೆಯೆಂದು ಅರ್ಥ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮೀರಿ ಮಳೆಯಾಗುತ್ತದೆ; ಹೆಗ್ಗೋಡಿನಲ್ಲಿ ಅಷ್ಟಿಲ್ಲವಾದರೂ ಮಣ್ಣು ತಿಂಗಳುಗಟ್ಟಲೆ ನೆನೆದೇ ಇರುತ್ತದೆ. ವಿನೈಲಿಗೆ ನೀರಿನಿಂದ ಕೇಡಿಲ್ಲ ಎನ್ನುವುದು ನಿಜವೇ. ಆದರೆ ಕೆಂಪು ನೆಲದಲ್ಲಿ ಏರಿದ ತೇವ ಗಾಳಿಗೆ ಆರಿ ಹೋಗುತ್ತಿತ್ತು. ವಿನೈಲಿನ ಅಡಿಯಲ್ಲಿ ಅದು ಹೋಗಲು ದಾರಿಯಿಲ್ಲದೆ ಬೂಷ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ. ಮಣ್ಣಿನ ನೆಲದ ಮೇಲಂತೂ ಇದನ್ನು ಹಾಸಲೇಬಾರದು.

ಎರಡನೆಯದು ಏರುತಗ್ಗು. ಮಟ್ಟವಾಗಿರುವುದು ಬೇರೆ, ಸಪಾಟಾಗಿರುವುದು ಬೇರೆ. ನೀರು ಹರಿಯಲೆಂದು ಹಿರಿಯರು ಒಂದು ಕಡೆಗೆ ಇಳಿಜಾರು ಕೊಟ್ಟಿದ್ದರೆ ಬಾಧಕವಿಲ್ಲ; ರಸಮಟ್ಟ ಹಿಡಿದು ಗಾಬರಿಯಾಗಬೇಕಾಗಿಲ್ಲ. ಹತ್ತು ಅಡಿಯ ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲೆ ನಾನಾ ದಿಕ್ಕಿಗಿಟ್ಟು ಅಡಿಯಲ್ಲಿ ಬೆಳಕು ನುಸುಳುವುದನ್ನು ನೋಡಬೇಕು. ಸಂದು ಸುಮಾರು 5 ಮಿ.ಮೀ.ಗಿಂತ ಹೆಚ್ಚಿದ್ದರೆ ಉಬ್ಬನ್ನು ಉಜ್ಜಿ ತೆಗೆಯಬೇಕು, ತಗ್ಗನ್ನು ಸಿಮೆಂಟು ಮಿಶ್ರಣದಿಂದ ತುಂಬಬೇಕು. ನಮ್ಮ ಕಡೆಯ ಕೆಂಪು ನೆಲಗಳಿಗೆ ವರ್ಷಗಟ್ಟಲೆ ಮೇಣ, ಎಣ್ಣೆ ತಿಕ್ಕಿರುತ್ತಾರೆ. ಆ ಜಿಡ್ಡನ್ನು ಕೆರೆದು ಒರಟು ಮಾಡದೆ ತುಂಬಿದ ಸಿಮೆಂಟು ಹಪ್ಪಳದಂತೆ ಏಳುತ್ತದೆ. ಇದು ಬೇಸರದ ಕೆಲಸ. ಕೂಲಿಯವರು ತಪ್ಪಿಸಿಕೊಳ್ಳಲು ನೋಡುವುದೂ ಇಲ್ಲಿಯೇ. ತಗ್ಗಿನ ಮೇಲೆ ದಪ್ಪನೆಯ ಫೋಮ್ ಹಾಸಿ ಮುಚ್ಚಿಬಿಡೋಣ ಎನ್ನುವವರ ಮಾತನ್ನು ಕೇಳಕೂಡದು. ಪಟ್ಟಿಯ ಅಂಚಿನ ನಾಲಿಗೆ ಬಹಳ ತೆಳು. ಕೆಳಗೆ ಆಧಾರವಿಲ್ಲದಿದ್ದರೆ ಪ್ರತಿ ಹೆಜ್ಜೆಗೂ ಅದು ಬಾಗುತ್ತದೆ, ಕೆಲವು ತಿಂಗಳಲ್ಲಿ ಮುರಿಯುತ್ತದೆ, ಬಿಟ್ಟ ಸಂದಿನಲ್ಲಿ ಒರೆಸಿದ ನೀರು ಇಳಿಯುತ್ತದೆ.

ಹಾಸುವ ಕ್ರಮ ಅಷ್ಟು ಕಷ್ಟದ್ದಲ್ಲ. ಪಟ್ಟಿಗಳನ್ನು ಎರಡು ದಿನ ಅದೇ ಕೋಣೆಯಲ್ಲಿರಿಸಬೇಕು. ಗೋಡೆಯ ಸುತ್ತ ಕಾಲು ಇಂಚು ಬಿಟ್ಟು ಹಾಸಬೇಕು. ಬಿಸಿಲಿಗೆ ಹಿಗ್ಗುವ ವಸ್ತುವಿಗೆ ಜಾಗವಿಲ್ಲದಿದ್ದರೆ ನಡುವೆ ಉಬ್ಬಿ ನಿಲ್ಲುತ್ತದೆ. ಅಕ್ಕಪಕ್ಕದ ಸಾಲುಗಳ ಜೋಡಣೆ ಒಂದೇ ಗೆರೆಯಲ್ಲಿ ಬರಬಾರದು.

ಇನ್ನು ಆ ಮನೆಯ ವಿಷಯ. ಅಡುಗೆಮನೆ ಮತ್ತು ನಡುಮನೆಯಲ್ಲಿ ಹಾಳೆಯ ಅಡಿಯಲ್ಲಿಯೇ ಹನಿಗಟ್ಟಿತ್ತು. ಜಗುಲಿಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ. ಎತ್ತರದ ಪಾಯದ ಮೇಲಿರುವ ತಾಯಿಯವರ ಕೋಣೆ ಮಾತ್ರ ಒಣಗಿತ್ತು. ಆದ್ದರಿಂದ ಅದೊಂದಕ್ಕೇ ಹಾಸಿ, ಉಳಿದೆಡೆ ಕೆಂಪು ನೆಲದ ಬಿರುಕು ತುಂಬಿಸಿ ಹೊಳಪು ಕೊಡಿಸಿರೆಂದು ಹೇಳಿದೆವು. ಮಗನಿಗೆ ಸ್ವಲ್ಪ ನಿರಾಶೆಯಾಯಿತು. ನೆಂಟರ ಮನೆಯಲ್ಲಿ ಕಂಡದ್ದು ಅವರ ಕಣ್ಣಿನಲ್ಲಿತ್ತು. ತಾಯಿಯವರು ಮಾತ್ರ, ಅಡುಗೆಮನೆಯ ನೆಲ ಹಾಗೆಯೇ ಇರಲಿ ಎಂದು ತಾವೂ ಹೇಳಬೇಕೆಂದಿದ್ದರಂತೆ.

ಅವರ ಕೋಣೆಯ ಬಾಗಿಲಲ್ಲಿ ಹೊಸ ನೆಲದ ಅಂಚು ಮೆಟ್ಟಿಲಿನಂತೆ ಎದ್ದು ನಿಲ್ಲಬಾರದು. ಕಾಲೆಳೆದು ನಡೆಯುವ ವಯಸ್ಸಿನಲ್ಲಿ ಐದು ಮಿ.ಮೀ. ಎತ್ತರವೂ ಎಡವಲು ಸಾಕು. ಅಲ್ಲಿ ಇಳಿಜಾರಿನ ಲೋಹದ ಪಟ್ಟಿ ಕೂರಿಸಬೇಕು, ಅದನ್ನು ಕೆಳಗಿನ ನೆಲಕ್ಕೆ ಬಿಗಿಯಬೇಕೇ ಹೊರತು ವಿನೈಲಿಗಲ್ಲ. ಬಾಗಿಲಿನ ತಳವನ್ನು ಬಡಗಿಯಿಂದ ಮೊದಲೇ ಕೀಸಿಸಿಟ್ಟುಕೊಳ್ಳುವುದು ಒಳ್ಳೆಯದು.