ಅವರೆ ಸೊಗಡು, ಅಜ್ಜಿಯ ಸೇರು, ನಮ್ಮ ವಾರ್ಡು

ನಮ್ಮ ಹಾಸ್ಟೆಲ್ ಮೆಸ್ಸಿನ ಮೆನು ಬೋರ್ಡ್ ನೋಡಿ ಇದು ಯಾವ ತಿಂಗಳು ಅಂತ ಯಾರಾದರೂ ಹೇಳಬಲ್ಲಿರಾ? ಸಾಧ್ಯವೇ ಇಲ್ಲ. ಜೂನ್ ಮಳೆಯಲ್ಲೂ ಸೋಮವಾರ ಇಡ್ಲಿ, ಜನವರಿ ಚಳಿಯಲ್ಲೂ ಸೋಮವಾರ ಇಡ್ಲಿ. ಪಿಜಿಗಳ ಕಥೆಯೂ ಅಷ್ಟೇ. ವೈಟ್‌ಫೀಲ್ಡ್ ಇರಲಿ, ಎಲೆಕ್ಟ್ರಾನಿಕ್ ಸಿಟಿ ಇರಲಿ, ಪೀಣ್ಯ ಇರಲಿ, ಅದೇ ಟೊಮ್ಯಾಟೊ ಬಾತು, ಅದೇ ತಿಳಿಸಾರು. ನಮ್ಮ ಊಟಕ್ಕೆ ವಾರ ಇದೆ, ಕಾಲ ಇಲ್ಲ.

ಹೊರಗೆ ರಸ್ತೆಯಲ್ಲಿ ಮಾತ್ರ ಕಾಲ ಇದೆ. ಕಾಲೇಜು ಗೇಟಿಂದ ಬಸ್ ಸ್ಟಾಪಿನವರೆಗೆ ನಡೆದರೆ ಸಾಕು, ಗೋಣಿಚೀಲದ ಮೇಲೆ ಅವರೆಕಾಯಿ ರಾಶಿ. "ಅಕ್ಕಾ, ಕೆ.ಜಿ. ಎಷ್ಟು?" ಅಂತ ನಾವು ಕೇಳಿದರೆ, ಸುಲಿದ ಕಾಳಿನ ಬುಟ್ಟಿ ತೋರಿಸಿ "ಕಾಳು ಬೇಕೇನಪ್ಪಾ? ಪಾವಾ, ಸೇರಾ?" ಅಂತ ಅವರು ತಿರುಗಿ ಕೇಳ್ತಾರೆ. ಈ ಪುಟ್ಟ ಸಂಭಾಷಣೆಯೊಳಗೆ ಒಂದು ಅಡುಗೆ ಇದೆ, ಒಂದು ಮನೆತನದ ವಸ್ತು ಇದೆ, ಜೊತೆಗೆ ನಮ್ಮೂರ ರಾಜಕೀಯವೂ ಇದೆ ಅಂತ ನಮ್ಮ ವಾದ.

ಮೊದಲು ಅವರೆ ವಿಚಾರ. ಇದು ಡಿಸೆಂಬರ್-ಜನವರಿಯಲ್ಲೇ ಯಾಕೆ? ಇಂಜಿನಿಯರಿಂಗ್ ಓದೋರಿಗೆ ಈ ಉತ್ತರ ಹಿಡಿಸುತ್ತೆ. ನಾಡ ಅವರೆ ಗಿಡ ಹಗಲಿನ ಉದ್ದ ಅಳೆಯುತ್ತೆ. ಬೆಂಗಳೂರಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಯದು ಸುಮಾರು 11 ಗಂಟೆ 20 ನಿಮಿಷ. ಈ ಒಂದೂವರೆ ಗಂಟೆ ವ್ಯತ್ಯಾಸವೇ ಗಿಡಕ್ಕೆ ಸಿಗ್ನಲ್. ಮಳೆಗಾಲದಲ್ಲಿ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಬಿತ್ತಿದ ಗಿಡ, ಹಗಲು ಕುಗ್ಗೋವರೆಗೂ ಹೂ ಬಿಡಲ್ಲ. ರಾಗಿ ಕೊಯ್ಲಾದ ಮೇಲೂ ಹೊಲದಲ್ಲೇ ನಿಂತು, ಇಬ್ಬನಿ ಕುಡಿದು ಕಾಯಿ ಕಟ್ಟುತ್ತೆ. ಸಿಪ್ಪೆ ಮೇಲಿನ ಎಣ್ಣೆಯಂಥ ಅಂಟು ಇದೆಯಲ್ಲ, ಸುಲಿದ ಮೇಲೆ ಎರಡು ದಿನ ಬೆರಳಿಂದ ಹೋಗದ ವಾಸನೆ, ಅದೇ ಸೊಗಡು. ಸೊಗಡಿಲ್ಲದ ಅವರೆಗೆ ನಮ್ಮ ಕಡೆ ಬೆಲೆ ಇಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದಕ್ಕೆ ಕಾಯದ ಎಚ್.ಎ.-3, ಎಚ್.ಎ.-4ರಂಥ ತಳಿಗಳನ್ನು ಕೊಟ್ಟು ವರ್ಷವಿಡೀ ಅವರೆ ಬೆಳೆಯೋ ಹಾಗೆ ಮಾಡಿದ್ದಾರೆ. ರೈತರಿಗೆ ಅದು ಒಳ್ಳೆಯದೇ, ನಮ್ಮ ತಕರಾರಿಲ್ಲ. ಆದರೂ ಮೇ ತಿಂಗಳಲ್ಲಿ ಅವರೆಕಾಯಿ ಕಂಡರೆ "ಇದರಲ್ಲಿ ಸೊಗಡಿಲ್ಲ" ಅಂತ ಅಮ್ಮಂದಿರು ಮೂಗು ಮುರೀತಾರೆ. ಜನವರಿ ಆಸುಪಾಸಿಗೆ ನಡೆಯೋ ಅವರೆ ಮೇಳದಲ್ಲಿ ನೂಕುನುಗ್ಗಲು ಆಗೋದೂ ಇದಕ್ಕೇ. ಕಾಯೋಕೆ ಜನ ಇನ್ನೂ ತಯಾರಿದ್ದಾರೆ.

ಇನ್ನು ಹಿದಕಿದ ಬೇಳೆ. ಕಾಯಿ ಸುಲೀಬೇಕು, ಕಾಳನ್ನು ರಾತ್ರಿಯಿಡೀ ನೆನೆಹಾಕಬೇಕು, ಬೆಳಿಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ಒತ್ತಬೇಕು. ಪುಳಕ್ ಅಂತ ಬೇಳೆ ಒಂದು ಕಡೆ, ತೊಗಟೆ ಒಂದು ಕಡೆ. ಒಬ್ಬರೇ ಕೂತು ಆರು ಜನರ ಸಾರಿಗಾಗುವಷ್ಟು ಹಿದಕಿ ನೋಡಿ, ಲ್ಯಾಬ್ ರೆಕಾರ್ಡ್ ಬರೆಯೋದೇ ವಾಸಿ ಅನಿಸುತ್ತೆ. ಅದಕ್ಕೇ ಇದು ಮನೆಮಂದಿಯೆಲ್ಲ ಕೂತು ಮಾಡೋ ಕೆಲಸ. ಟಿವಿ ನೋಡ್ತಾ, ಪಕ್ಕದ ಮನೆಯವರ ಸುದ್ದಿ ಮಾತಾಡ್ತಾ, ಗ್ರಾಮ ಪಂಚಾಯಿತಿ ಚುನಾವಣೆಗೆ ಯಾರು ನಿಲ್ತಾರೆ ಅಂತ ಜಗಳ ಆಡ್ತಾ ಹಿದಕ್ತಾರೆ. ನಮ್ಮಲ್ಲಿ ಎಷ್ಟೋ ಜನರಿಗೆ ರಾಜಕೀಯದ ಮೊದಲ ಪಾಠ ಸಿಕ್ಕಿದ್ದು ಸಿವಿಕ್ಸ್ ಪುಸ್ತಕದಲ್ಲಲ್ಲ, ಈ ಬೇಳೆ ಮೊರದ ಸುತ್ತ.

ಇನ್ನು ಸಿಪ್ಪೆಗೆ ಬರೋಣ. ಅವರೆಕಾಯಿ ತಂದರೆ ಅರ್ಧಕ್ಕರ್ಧ ಸಿಪ್ಪೆಯೇ. ಹಿಂದೆ ಅದು ಹಸುವಿನ ಬಾಯಿಗೆ ಹೋಗ್ತಿತ್ತು. ಈಗ ಹತ್ತು ಅಡಿ ಅಗಲದ ಗಲ್ಲಿಯಲ್ಲಿ ಐದಂತಸ್ತಿನ ಪಿಜಿ, ಹಸು ಎಲ್ಲಿಂದ ಬರಬೇಕು? ಸಿಪ್ಪೆ ಕವರಿಗೆ, ಕವರು ಮೂಲೆಗೆ. ಸಂಕ್ರಾಂತಿ ಮುಗಿದ ಬೆಳಿಗ್ಗೆ ನಮ್ಮ ರಸ್ತೆಗಳ ತಿರುವಲ್ಲಿ ಅವರೆ ಸಿಪ್ಪೆ, ಕಬ್ಬಿನ ಸಿಪ್ಪೆ, ಬಾಳೆಎಲೆ ಸೇರಿ ಒಂದು ಗುಡ್ಡ ಎದ್ದಿರುತ್ತೆ. ಬೇರೆ ಬೇರೆ ಮಾಡಿ ಕೊಟ್ಟರೆ ಗೊಬ್ಬರ, ಬೆರೆಸಿ ಎಸೆದರೆ ನಾತ. 2025ರ ಏಪ್ರಿಲ್‌ನಿಂದ ಕಸಕ್ಕೆ ಬಳಕೆದಾರರ ಶುಲ್ಕವನ್ನು ಆಸ್ತಿ ತೆರಿಗೆ ಜೊತೆಗೇ ವಸೂಲಿ ಮಾಡ್ತಿದ್ದಾರೆ. ಅಂದರೆ ಪಿಜಿ ಬಾಡಿಗೆ ಮೂಲಕ ನಾವೂ ಒಂದು ಪಾಲು ಕಟ್ಟುತ್ತಿದ್ದೇವೆ ಅಂತಾಯ್ತು. ಹಾಗಾದರೆ ಆ ಗುಡ್ಡದ ಬಗ್ಗೆ ಯಾರನ್ನು ಕೇಳಬೇಕು?

ಉತ್ತರ ಸುಲಭ ಇರಬೇಕಿತ್ತು: ನಮ್ಮ ವಾರ್ಡಿನ ಕಾರ್ಪೊರೇಟರ್‌ನ. ಆದರೆ ಕಾರ್ಪೊರೇಟರ್ ಇಲ್ಲ. ಬೆಂಗಳೂರು ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್ 22ರಂದು. ಆ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಅಲ್ಲಿಂದ ಐದು ವರ್ಷ ದಾಟಿತು, ಆಡಳಿತಾಧಿಕಾರಿಗಳೇ ನಡೆಸ್ತಿದ್ದಾರೆ. ಅಂದರೆ ಒಂದು ಇಡೀ ಕೌನ್ಸಿಲ್ ಅವಧಿಯೇ ಚುನಾಯಿತ ಕೌನ್ಸಿಲ್ ಇಲ್ಲದೆ ಕಳೀತು. ಅವಧಿ ಮುಗಿಯೋ ಮುಂಚೆ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತೆ. ನಮ್ಮ ಸಬ್‌ಮಿಷನ್ ಒಂದು ದಿನ ತಡವಾದರೆ ಇಂಟರ್ನಲ್ಸ್ ಅಂಕ ಕಟ್, ಇಲ್ಲಿ ಐದು ವರ್ಷ ತಡವಾದರೂ ಯಾರ ಅಂಕವೂ ಕಟ್ ಆಗಿಲ್ಲ.

ಕೊಟ್ಟ ಕಾರಣಗಳು ಒಂದೆರಡಲ್ಲ: ವಾರ್ಡ್ ಮರುವಿಂಗಡಣೆ, ಮೀಸಲಾತಿ, ಕೋರ್ಟು, ಹೊಸ ಕಾನೂನು. 198 ವಾರ್ಡಿದ್ದ ಬಿಬಿಎಂಪಿ ಹೋಗಿ, 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಒಟ್ಟು ವಾರ್ಡ್ 369. ಚಿಕ್ಕ ವಾರ್ಡಾದರೆ ಕಾರ್ಪೊರೇಟರ್ ಕೈಗೆ ಸಿಗ್ತಾರೆ ಅನ್ನೋದು ಸರಿಯಾದ ಮಾತೇ. ಆದರೆ ಗಡಿ ಗೆರೆ ಎಷ್ಟು ಚೆನ್ನಾಗಿ ಎಳೆದರೂ ಆ ಕುರ್ಚಿಯಲ್ಲಿ ಓಟು ಪಡೆದವರು ಕೂರದಿದ್ದರೆ ಅದು ಬರೀ ನಕ್ಷೆ.

ನಮ್ಮ ಹೊರವಲಯದ ಪಾಡು ಇನ್ನೂ ವಿಚಿತ್ರ. ವೈಟ್‌ಫೀಲ್ಡ್ ಸೀಮೆ 2007ರವರೆಗೆ ಮಹದೇವಪುರ ನಗರಸಭೆ, ಆಮೇಲೆ ಬಿಬಿಎಂಪಿ, ಈಗ ಬೆಂಗಳೂರು ಪೂರ್ವ ಪಾಲಿಕೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಜೊತೆ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ! ಎಲೆಕ್ಟ್ರಾನಿಕ್ ಸಿಟಿ ನೋಡಿ. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಆರ್.ಕೆ. ಬಾಳಿಗಾ ಅವರ ಕಾಲದ ಕಿಯೋನಿಕ್ಸ್ ಶುರು ಮಾಡಿದ ಜಾಗ ಅದು. 2013ರಿಂದ ಅಲ್ಲಿ ಎಲ್ಸಿಟಾ ಅನ್ನೋ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಇದೆ, ಆಸ್ತಿ ತೆರಿಗೆ ಅದಕ್ಕೇ. ರಸ್ತೆ, ದೀಪ, ಮರ ಎಲ್ಲ ಚೊಕ್ಕವಾಗಿರುತ್ತೆ ಅಂತ ಹೊಗಳೋರು ಬಹಳ ಜನ, ಹೊಗಳಿಕೆಗೆ ಕಾರಣವೂ ಇದೆ. ಆದರೆ ಅಲ್ಲಿ ವಾರ್ಡೂ ಇಲ್ಲ, ಕಾರ್ಪೊರೇಟರೂ ಇಲ್ಲ. ಸಂವಿಧಾನದ 243ಕ್ಯೂ ವಿಧಿ ಅದಕ್ಕೆ ಅವಕಾಶ ಕೊಟ್ಟಿದೆ, ಹಾಗಾಗಿ ಕಾನೂನಿನ ತಪ್ಪೇನಿಲ್ಲ. ನಮ್ಮ ಪ್ರಶ್ನೆ ಬೇರೆ. ಚೊಕ್ಕ ರಸ್ತೆ ಬೇಕು ಅಂದರೆ ಓಟು ಬಿಡಬೇಕು, ಓಟು ಬೇಕು ಅಂದರೆ ಗುಂಡಿ ಸಹಿಸ್ಕೋಬೇಕು ಅನ್ನೋ ಹಾಗೆ ಯಾಕಾಯ್ತು? ಎರಡೂ ಒಟ್ಟಿಗೆ ಸಿಗೋದು ಅಷ್ಟು ಕಷ್ಟವಾ?

ಈಗ ಆ ಪಾವು-ಸೇರಿನ ಕಥೆ. ಹಳೇ ಮೈಸೂರು ಕಡೆಯ ಯಾವ ಮನೆಯ ಅಟ್ಟ ಹುಡುಕಿದರೂ ಹಿತ್ತಾಳೆಯದೋ ಕಬ್ಬಿಣದ್ದೋ ಒಂದು ಸೇರು ಸಿಗುತ್ತೆ. ನಾಲ್ಕು ಪಾವು ಒಂದು ಸೇರು, ಇಪ್ಪತ್ತು ಕೊಳಗ ಒಂದು ಖಂಡುಗ. ಗದ್ದೆಯನ್ನೂ ಬಿತ್ತನೆ ಬೀಜದ ಲೆಕ್ಕದಲ್ಲೇ ಖಂಡುಗ ಗದ್ದೆ ಅನ್ನೋರು. ಮದುವೆಯಾಗಿ ಬಂದ ಹೊಸ ಸೊಸೆ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರನ್ನು ಬಲಗಾಲಲ್ಲಿ ಒದ್ದು ಒಳಗೆ ಬರ್ತಾಳಲ್ಲ, ಅದೇ ಸೇರು. ನಮ್ಮಲ್ಲಿ ಹಲವರ ಅಜ್ಜಿ ಒದ್ದದ್ದೂ, ಅಮ್ಮ ಒದ್ದದ್ದೂ ಒಂದೇ ಸೇರು. ಕೆಲವದರ ಮೇಲೆ ಕೊಟ್ಟವರ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತೆ.

ಆ ಸೇರಿನ ಬೆಲೆ ಹಿತ್ತಾಳೆಯಲ್ಲಿಲ್ಲ, ನಂಬಿಕೆಯಲ್ಲಿದೆ. ಒಂದು ಊರಿನ ಸೇರು ಇನ್ನೊಂದು ಊರಿನ ಸೇರಿಗೆ ಸರಿಹೋಗ್ತಿರಲಿಲ್ಲ, ಮೋಸಕ್ಕೂ ಜಾಗ ಇತ್ತು. ಅದಕ್ಕೇ ಅಳತೆಗೆ ಸರ್ಕಾರದ ಮುದ್ರೆ ಬೇಕಾಯ್ತು. 1956ರ ಕಾಯ್ದೆ ಬಂದು, 1958ರ ಅಕ್ಟೋಬರ್‌ನಿಂದ ದೇಶ ಹಂತ ಹಂತವಾಗಿ ಕಿಲೋ-ಲೀಟರ್‌ಗೆ ಬದಲಾಯ್ತು. ಇವತ್ತಿಗೂ ಅಂಗಡಿಯ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಲೇಬೇಕು. ಅಳೆಯೋನನ್ನೇ ಇನ್ನೊಬ್ಬರು ಅಳೀಬೇಕು, ಅದೂ ಕಾಲಕಾಲಕ್ಕೆ. ಇನ್‌ಸ್ಟ್ರುಮೆಂಟೇಶನ್ ಕ್ಲಾಸಿನಲ್ಲಿ ನಾವು ಕ್ಯಾಲಿಬ್ರೇಶನ್ ಅಂತ ಓದೋದು ಇದನ್ನೇ.

ಸ್ಥಳೀಯ ಚುನಾವಣೆಯೂ ಕ್ಯಾಲಿಬ್ರೇಶನ್ನೇ. ಐದು ವರ್ಷಕ್ಕೊಮ್ಮೆ ಊರು ತನ್ನ ಆಡಳಿತವನ್ನು ಅಳೆಯುತ್ತೆ, ಸರಿಯಿದ್ದರೆ ಮುದ್ರೆ, ಇಲ್ಲದಿದ್ದರೆ ಮನೆಗೆ. ಇವತ್ತು 19-20 ವರ್ಷ ಆಗಿರೋ ನಮ್ಮ ಜೂನಿಯರ್‌ಗಳು ಕೊನೆಯ ಪಾಲಿಕೆ ಚುನಾವಣೆ ಹೊತ್ತಿಗೆ ಮೂರ್ನಾಲ್ಕನೇ ಕ್ಲಾಸು. ಬೆಂಗಳೂರಲ್ಲೇ ಹುಟ್ಟಿ ಬೆಳೆದವರೂ ಪಾಲಿಕೆಗೆ ಓಟು ಹಾಕಿದ ಬೆರಳು ಕಂಡಿದ್ದರೆ ಅಪ್ಪ-ಅಮ್ಮಂದಿರದ್ದು. ಬಳಸದೆ ಇಟ್ಟ ಸೇರು ಶೋಕೇಸ್ ಸೇರಿತು. ಪಾಲಿಕೆ ಓಟೂ ಹೀಗೇ ಶೋಕೇಸ್ ಸಾಮಾನು ಆಗಿಬಿಡುತ್ತಾ ಅನ್ನೋದು ನಮ್ಮ ಭಯ. ಸೇರು ಹೋದರೆ ಕಿಲೋ ಬಂತು. ಓಟು ಹೋದರೆ ಅದರ ಜಾಗಕ್ಕೆ ಬರೋದು ಯಾವುದು? ವಾಟ್ಸ್‌ಆ್ಯಪ್ ಗ್ರೂಪಿನ ಬೈಗುಳವಾ?

"ನಾವು ನಾಲ್ಕು ವರ್ಷದ ಅತಿಥಿಗಳು, ನಮಗ್ಯಾಕೆ?" ಅಂತ ಕ್ಲಬ್ಬಿನ ಚರ್ಚೆಯಲ್ಲೇ ಮಾತು ಬಂತು. ನ್ಯಾಯವಾದ ಪ್ರಶ್ನೆ. ಕಲಬುರ್ಗಿ, ವಿಜಯಪುರದವರಿಗೆ ಈ ಕಾಲ ಅಂದರೆ ಎಳ್ಳ ಅಮವಾಸ್ಯೆ, ಸಜ್ಜೆ ರೊಟ್ಟಿ, ಹೊಲದಲ್ಲಿ ಸುಟ್ಟ ಜೋಳದ ಸೀತನಿ. ಬಿಹಾರದ ಗೆಳೆಯರಿಗೆ ಸಂಕ್ರಾಂತಿ ಅಂದರೆ ಮೊಸರು-ಅವಲಕ್ಕಿ. ಅವರ ಓಟು ಊರಲ್ಲಿದೆ, ಊರ ಪಂಚಾಯಿತಿಯೂ ಮುಖ್ಯವೇ, ಅಲ್ಲೇ ಇಟ್ಟುಕೊಳ್ಳಲಿ. ಆದರೆ ಹಾಸ್ಟೆಲ್‌ನಲ್ಲಿರೋ ವಿದ್ಯಾರ್ಥಿ ಊರಲ್ಲಾದರೂ ಸರಿ, ಓದೋ ಜಾಗದಲ್ಲಾದರೂ ಸರಿ, ಒಂದು ಕಡೆ ಹೆಸರು ಸೇರಿಸಬಹುದು ಅಂತ ಚುನಾವಣಾ ಆಯೋಗದ ನಿಯಮವೇ ಇದೆ. ನಮೂನೆ 6 ತುಂಬಿದರೆ ಆಯ್ತು. ನಾಲ್ಕು ವರ್ಷ ಇಲ್ಲಿನ ನೀರು ಕುಡಿದು, ಇಲ್ಲಿನ ಧೂಳು ಉಸಿರಾಡಿ, ಆಮೇಲೆ ಇಲ್ಲೇ ಕೆಲಸ ಹುಡುಕೋರು ಅತಿಥಿ ಹೇಗಾಗ್ತಾರೆ?

"ಕೇಳಿದರೆ ಏನೂ ಆಗಲ್ಲ ಬಿಡಿ" ಅನ್ನೋರಿಗೆ ದೇವನಹಳ್ಳಿ ಕಡೆ ಬೆರಳು ತೋರಿಸ್ತೇವೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆ ತಗೊಳ್ಳೋ ನಿರ್ಧಾರದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟೆ ಅಂತ ಘೋಷಿಸಿತು. ಕೈಗಾರಿಕೆ ಬೇಕಾ ಬೇಡವಾ ಅನ್ನೋದರಲ್ಲಿ ನಮ್ಮೊಳಗೇ ಎರಡು ಅಭಿಪ್ರಾಯ ಇದೆ. ಕ್ಯಾಂಪಸ್ ಪ್ಲೇಸ್‌ಮೆಂಟಿಗೆ ಕಾಯೋ ನಾವು ಕಂಪನಿಗಳೇ ಬೇಡ ಅನ್ನೋದು ಹೇಗೆ? ಆದರೆ ಕೇಳುವವರು ಕೂತರೆ ಸರ್ಕಾರವೂ ಕೇಳಿಸ್ಕೊಳ್ಳುತ್ತೆ ಅನ್ನೋದರಲ್ಲಿ ಎರಡು ಮಾತಿಲ್ಲ.

ಹಾಗಾಗಿ ನಮ್ಮ ಬೇಡಿಕೆಗಳು ಮೂರು, ಮೂರೂ ಸಣ್ಣವು. ಒಂದು, ಜನವರಿಯಲ್ಲಿ ಒಂದು ಭಾನುವಾರ ಮೆಸ್ಸಿನಲ್ಲಿ ಹಿದಕಿದ ಬೇಳೆ ಸಾರು, ಮುದ್ದೆ. ಹಿದಕೋ ಕೆಲಸ ನಮ್ಮದು, ಅಡುಗೆಯವರ ಮೇಲೆ ಹೊರೆ ಹಾಕೋದು ಬೇಡ. ಸಿಪ್ಪೆ ಕ್ಯಾಂಪಸ್ಸಿನ ಗೊಬ್ಬರದ ಗುಂಡಿಗೆ. ಎರಡು, ಪ್ರತಿಯೊಬ್ಬರೂ ತಾವಿರೋ ಜಾಗ ಯಾವ ಪಾಲಿಕೆ, ಯಾವ ವಾರ್ಡು, ಅಥವಾ ಯಾವ ಪಂಚಾಯಿತಿ ಅಂತ ಹುಡುಕಿ ತಿಳ್ಕೊಳ್ಳಿ, 18 ತುಂಬಿದವರು ಎಲ್ಲಾದರೂ ಒಂದು ಕಡೆ ಪಟ್ಟಿಯಲ್ಲಿ ಹೆಸರು ಇದೆಯಾ ನೋಡ್ಕೊಳ್ಳಿ. ಮೂರು, ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲಿನ ಒಂದು ವಸ್ತು ಕೆಳಗಿಳಿಸಿ. ಅದು ಯಾರದ್ದು, ಅದರಿಂದ ಏನು ಅಳೀತಿದ್ದರು, ಏನು ಬೀಸ್ತಿದ್ದರು ಅಂತ ಮನೆ ಹಿರಿಯರನ್ನು ಕೇಳಿ ಹತ್ತು ಸಾಲು ಬರೆದು ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೇವೆ.

ಒಂದು ಮಾತು ನೆನಪಿರಲಿ. ಸೇರು ಸಿಕ್ಕರೆ ತೊಳೆದು ಶೋಕೇಸಲ್ಲಿ ಇಡಬೇಡಿ. ಅಡುಗೆಮನೆಗೆ ಕೊಡಿ, ಅಕ್ಕಿ ಅಳೆಯಲಿ.