ಅಂಗವಿಕಲರ ಮಾಸಾಶನ: ತಿರಸ್ಕಾರಕ್ಕೆ ಕಾರಣ ಬೇಡವೆ?

ಸರಕಾರವು ಬಡವನಿಗೆ ಒಂದು ಹಕ್ಕನ್ನು ಕೊಟ್ಟಿತೆಂದು ಹೇಳಬೇಕಾದರೆ ಎರಡು ಸಂಗತಿಗಳು ಅವಶ್ಯವು. ಅದನ್ನು ಕೇಳುವ ದಾರಿಯು ಅವನಿಗೆ ಗೊತ್ತಿರಬೇಕು. ಕೇಳಿದ್ದನ್ನು ಇಲ್ಲವೆಂದರೆ, ಏಕೆ ಇಲ್ಲವೆಂಬುದನ್ನು ಅವನಿಗೆ ತಿಳಿಸಬೇಕು. ಈ ಎರಡನೆಯದಿಲ್ಲದ ಹಕ್ಕು ದಾನಕ್ಕೆ ಸಮಾನ. ದಾನಿಯು ಕೊಟ್ಟರೆ ಕೊಟ್ಟ, ಬಿಟ್ಟರೆ ಬಿಟ್ಟ. ಅವನನ್ನು ಕಾರಣ ಕೇಳುವವರಾರು? ಅಂಗವಿಕಲರ ಮಾಸಾಶನವು ಕಾನೂನಿನ ಪುಸ್ತಕದಲ್ಲಿ ಹಕ್ಕಾಗಿದ್ದರೂ ಕಚೇರಿಯ ಮೇಜಿನ ಮೇಲೆ ಇನ್ನೂ ದಾನವಾಗಿಯೇ ಉಳಿದಿರುವದೆಂಬುದು ನಮ್ಮ ದೂರು.

ರಾಯಚೂರು ಜಿಲ್ಲೆಯ ಬಳಗಾನೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲು ಸಿಂಧನೂರು ತಾಲೂಕಿನಲ್ಲಿದ್ದು, ಹೊಸ ತಾಲೂಕುಗಳ ರಚನೆಯಾದ ಮೇಲೆ ಮಸ್ಕಿಗೆ ಸೇರಿದ ಊರಿದು. ಇಲ್ಲಿಯ ಬಹುಜನರ ಬದುಕು ಹೊಲಗದ್ದೆಗಳ ಕೂಲಿಯ ಮೇಲೆ ನಿಂತಿರುವದು. ಕೂಲಿಯವನ ಬಂಡವಾಳವೆಂದರೆ ಅವನ ಕೈಕಾಲುಗಳು. ಅವು ಹೋದ ದಿವಸ ಮನೆಯ ಒಲೆಯೂ ಆರುವದು. ಹಟ್ಟಿಯ ಚಿನ್ನದ ಗಣಿಯಂಥ ಸಂಘಟಿತ ಉದ್ಯಮದಲ್ಲಿ ದುಡಿಯುವವನಿಗೆ ಅಪಘಾತವಾದರೆ ೧೯೨೩ರಷ್ಟು ಹಿಂದಿನಿಂದಲೂ ಪರಿಹಾರದ ಕಾನೂನಿನ ಆಸರೆಯಿದೆ. ದಿನಕ್ಕೊಬ್ಬ ಯಜಮಾನನ ಹೊಲದಲ್ಲಿ ದುಡಿಯುವವನಿಗೆ ಆ ನೆರಳು ಬಹುಮಟ್ಟಿಗೆ ತಲುಪದು. ಅವನಿಗುಳಿದ ಆಸರೆ ಮಾಸಾಶನವೊಂದೇ.

ಈ ಮಾಸಾಶನಕ್ಕೆ ಎರಡು ಬಾಗಿಲುಗಳಿವೆ. ಮೊದಲನೆಯದು ವೈದ್ಯರದು. ೧೯೯೫ರ ಕಾನೂನು ಏಳು ಬಗೆಯ ನ್ಯೂನತೆಗಳನ್ನು ಮಾತ್ರ ಗಣಿಸಿತ್ತು. ೨೦೧೭ರ ಏಪ್ರಿಲ್ ೧೯ರಿಂದ ಜಾರಿಗೆ ಬಂದ ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ೨೧ ಬಗೆಗಳನ್ನು ಒಪ್ಪಿರುವದು. ನ್ಯೂನತೆಯು ನೂರಕ್ಕೆ ೪೦ಕ್ಕೆ ಕಡಿಮೆಯಿಲ್ಲವೆಂದು ವೈದ್ಯರು ಪ್ರಮಾಣೀಕರಿಸಬೇಕು. ೨೦೨೧ರ ಜೂನ್ ೧ರಿಂದ ಈ ಪ್ರಮಾಣಪತ್ರವನ್ನು ಅಂತರ್ಜಾಲದ ಮೂಲಕವೇ ಕೊಡತಕ್ಕದ್ದೆಂದು ವಿಧಿಸಿ, ವಿಶಿಷ್ಟ ಗುರುತಿನ ಚೀಟಿಯನ್ನು ಅದಕ್ಕೆ ಜೋಡಿಸಲಾಗಿದೆ. ಎರಡನೆಯ ಬಾಗಿಲು ಕಂದಾಯ ಇಲಾಖೆಯದು. ನಾಡಕಚೇರಿಯಲ್ಲಿ ಅರ್ಜಿ, ಗ್ರಾಮ ಆಡಳಿತಾಧಿಕಾರಿಯ ಸ್ಥಳಪರಿಶೀಲನೆ, ಕಂದಾಯ ನಿರೀಕ್ಷಕರ ವರದಿ, ತಹಶೀಲ ಕಚೇರಿಯ ಮಂಜೂರಾತಿ, ಇದು ಅದರ ಕ್ರಮ. ಆದಾಯ, ವಾಸಸ್ಥಳ, ಪಡಿತರ ಚೀಟಿ, ಆಧಾರ, ಬ್ಯಾಂಕಿನ ಖಾತೆ ಇವೆಲ್ಲ ಇಲ್ಲಿ ವಿಚಾರಣೆಗೆ ಬರುವವು.

ಎರಡು ಬಾಗಿಲುಗಳಲ್ಲಿ ಯಾವುದೇ ಒಂದು ಮುಚ್ಚಿದರೂ ಅರ್ಜಿದಾರನ ಕಿವಿಗೆ ಬೀಳುವ ಮಾತೊಂದೇ: ನಿನಗೆ ಬರುವದಿಲ್ಲ, ಹೋಗು. ಆದರೆ ಮುಚ್ಚಿದ ಬಾಗಿಲು ಯಾವುದೆಂಬುದರ ಮೇಲೆ ಮುಂದಿನ ದಾರಿಯು ನಿಂತಿರುವದನ್ನು ವಾಚಕರು ಗಮನಿಸಬೇಕು. ವೈದ್ಯರು ಪ್ರತಿಶತವನ್ನು ಕಡಿಮೆ ಬರೆದಿದ್ದರೆ, ಇಲ್ಲವೆ ಪ್ರಮಾಣಪತ್ರವನ್ನೇ ಕೊಡದಿದ್ದರೆ, ಅಧಿನಿಯಮದ ೫೯ನೆಯ ಕಲಮಿನ ಮೇರೆಗೆ ರಾಜ್ಯಸರಕಾರವು ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಕಂದಾಯದವರು ತಿರಸ್ಕರಿಸಿದ್ದರೆ ಉಪವಿಭಾಗಾಧಿಕಾರಿಗಳಿಗೆ ಅಪೀಲು ಸಲ್ಲಿಸಬೇಕು. ರಾಜ್ಯದ ಸಕಾಲ ಕಾನೂನಿನ ಮೇರೆಗೆ, ಅರ್ಜಿಯು ತಿರಸ್ಕೃತವಾದ ಅಥವಾ ನಿಗದಿಯಾದ ಅವಧಿಯು ಮೀರಿದ ದಿವಸದಿಂದ ೩೦ ದಿವಸಗಳೊಳಗೆ ಇದನ್ನು ಮಾಡಬೇಕು. ತಪ್ಪಿದ ಬಾಗಿಲನ್ನು ತಟ್ಟಿದವನಿಗೆ ಉತ್ತರವೂ ಸಿಗದು, ಅವಧಿಯೂ ಕಳೆದುಹೋಗುವದು. ಕಾರಣವನ್ನು ಬರೆದುಕೊಡದೆ ಬಾಯಿಮಾತಿನಿಂದ ಕಳಿಸಿಬಿಟ್ಟರೆ, ಅಕ್ಷರ ಬಾರದ ಮನುಷ್ಯನು ಯಾರ ಮುಂದೆ, ಏನೆಂದು ಅಪೀಲು ಮಾಡಬೇಕು? ಅಪೀಲಿನ ಹಕ್ಕನ್ನು ಕಸಿದುಕೊಳ್ಳಲು ಹೊಸ ಕಾನೂನು ಬೇಕಿಲ್ಲ. ಕಾರಣವನ್ನು ಮರೆಮಾಡಿದರೆ ಸಾಕು.

ಬರೆದುಕೊಡಬೇಕೆಂಬುದು ನಮ್ಮ ಬೇಡಿಕೆಯಷ್ಟೇ ಅಲ್ಲ, ನಿಯಮವೇ ಆಗಿದೆ. ಪ್ರಮಾಣಪತ್ರಕ್ಕೆ ಅರ್ಹನಲ್ಲವೆಂದು ಕಂಡವನಿಗೆ ಕಾರಣಗಳನ್ನು ಲಿಖಿತವಾಗಿ ತಿಳಿಸತಕ್ಕದ್ದೆಂದು ೨೦೧೭ರ ನಿಯಮಗಳು ವಿಧಿಸಿದವು. ಪ್ರಮಾಣಪತ್ರ ಕೊಡಲು ಆಗ ಒಂದು ತಿಂಗಳ ಅವಧಿಯಿತ್ತು; ೨೦೨೪ರ ತಿದ್ದುಪಡಿಯಿಂದ ಅದು ಮೂರು ತಿಂಗಳಾಗಿರುವದು. ವೈದ್ಯರಿಗೆ ಹೆಚ್ಚಿನ ಕಾಲಾವಕಾಶ ಬೇಕಾಗಿರಬಹುದು. ನಾವು ಅದನ್ನು ಅಲ್ಲಗಳೆಯುವದಿಲ್ಲ. ಆದರೆ ವೈದ್ಯರಿಗೆ ಮೂರು ತಿಂಗಳು, ಅರ್ಜಿದಾರನಿಗೆ ಕಾರಣದ ಒಂದು ಸಾಲೂ ಇಲ್ಲ ಎಂಬುದು ನ್ಯಾಯವಾದೀತೆ?

ಮಂಜೂರಾದ ಮಾಸಾಶನವು ಒಂದು ತಿಂಗಳು ಸದ್ದಿಲ್ಲದೆ ನಿಂತುಹೋಗುವದೂ ತಿರಸ್ಕಾರದ ಇನ್ನೊಂದು ರೂಪವೇ. ಆಧಾರಕ್ಕೂ ಖಾತೆಗೂ ಹೊಂದಿಕೆಯಾಗಲಿಲ್ಲ, ಬೆರಳಚ್ಚು ಕೂಡಲಿಲ್ಲ, ಪರಿಶೀಲನೆಯ ದಿವಸ ಮನೆಯಲ್ಲಿರಲಿಲ್ಲ, ಹೀಗೆ ಕಾರಣಗಳು ಹಲವು. ಬೆರಳೇ ಇಲ್ಲದವನ ಬೆರಳಚ್ಚನ್ನೂ ಕಣ್ಣಿಲ್ಲದವನ ಕಣ್ಣಿನ ಗುರುತನ್ನೂ ಕೇಳುವ ಯಂತ್ರಕ್ಕೆ ದಯೆಯಿಲ್ಲದಿದ್ದರೆ ಆಶ್ಚರ್ಯವಿಲ್ಲ. ಯಂತ್ರದ ಹಿಂದೆ ಕುಳಿತವನಿಗೆ ವಿವೇಕವಾದರೂ ಇರಬೇಡವೆ? ೨೦೨೫ರ ಏಪ್ರಿಲ್ ೩೦ರಂದು ಸರ್ವೋಚ್ಚ ನ್ಯಾಯಾಲಯವು, ಆಮ್ಲದ ದಾಳಿಗೆ ತುತ್ತಾದವರೂ ದೃಷ್ಟಿಹೀನರೂ ತಂದ ಮೊಕದ್ದಮೆಯಲ್ಲಿ, ಇಂಥ ಡಿಜಿಟಲ್ ವ್ಯವಸ್ಥೆಗಳು ಅಂಗವಿಕಲರಿಗೆ ಎಟಕುವಂತಿರಬೇಕಾದದ್ದು ಸಂವಿಧಾನದ ೨೧ನೆಯ ಅನುಚ್ಛೇದದಲ್ಲಿಯೇ ಅಡಗಿರುವದೆಂದು ತೀರ್ಪಿತ್ತಿದೆ. ತೀರ್ಪು ದಿಲ್ಲಿಯಲ್ಲಿ ಉಳಿದು ಬಳಗಾನೂರಿಗೆ ಬಾರದಿದ್ದರೆ ಅದರಿಂದ ಫಲವೇನು?

ಇಷ್ಟೆಲ್ಲ ಅಲೆದಾಟದ ಕೊನೆಗೆ ಸಿಗುವದಾದರೂ ಎಷ್ಟು? ೨೦೦೯ರಲ್ಲಿ ಆರಂಭವಾದ ಇಂದಿರಾಗಾಂಧಿ ರಾಷ್ಟ್ರೀಯ ಅಂಗವಿಕಲರ ಮಾಸಾಶನ ಯೋಜನೆಯಲ್ಲಿ ಕೇಂದ್ರದ ಪಾಲು ೨೦೧೨ರಿಂದ ತಿಂಗಳಿಗೆ ೩೦೦ ರೂಪಾಯಿಗಳಲ್ಲಿಯೇ ನಿಂತಿದೆ. ಅದೂ ನ್ಯೂನತೆಯು ನೂರಕ್ಕೆ ೮೦ಕ್ಕೆ ಕಡಿಮೆಯಿಲ್ಲದ ಬಡವರಿಗೆ ಮಾತ್ರ. ನೂರಕ್ಕೆ ೪೦ ನ್ಯೂನತೆಯುಳ್ಳವರನ್ನೂ ಸೇರಿಸಿಕೊಂಡು ರಾಜ್ಯಸರಕಾರವು ತನ್ನ ಬೊಕ್ಕಸದಿಂದ ಕೊಡುತ್ತಿರುವದು ಸಂತೋಷದ ಸಂಗತಿ. ಆದರೆ ಅಧಿನಿಯಮದ ೨೪ನೆಯ ಕಲಮು ಏನನ್ನುತ್ತದೆ? ಅಂಗವಿಕಲರಿಗೆ ಕೊಡುವ ಸಹಾಯವು ಇತರರಿಗಿರುವ ಅಂಥದೇ ಯೋಜನೆಗಳಿಗಿಂತ ನೂರಕ್ಕೆ ೨೫ರಷ್ಟಾದರೂ ಹೆಚ್ಚಾಗಿರತಕ್ಕದ್ದು ಎನ್ನುತ್ತದೆ. ವಿಧವೆಯರ ಮಾಸಾಶನಕ್ಕೂ ಕೇಂದ್ರವು ೩೦೦ ರೂಪಾಯಿಗಳನ್ನೇ ಕೊಡುತ್ತಿದೆ. ವಿಧವೆಗೆ ಹೆಚ್ಚಾಯಿತೆಂದು ನಾವು ಹೇಳುವದಿಲ್ಲ. ಇಬ್ಬರಿಗೂ ಅತ್ಯಲ್ಪವಾಯಿತೆಂದೇ ಹೇಳುತ್ತೇವೆ. ಆದರೆ ತಾನು ಮಾಡಿದ ಕಾನೂನನ್ನು ತಾನೇ ಪಾಲಿಸದ ಸರಕಾರವು ಬಡವನಿಂದ ಕಾಗದಪತ್ರಗಳ ಕರಾರುವಾಕ್ಕನ್ನು ಯಾವ ಮುಖದಿಂದ ಕೇಳೀತು?

ಅಧಿಕಾರಿವರ್ಗದ ವಾಚಕರು ಇಲ್ಲಿ ಒಂದು ಆಕ್ಷೇಪವನ್ನೆತ್ತಬಹುದು: ಸುಳ್ಳು ಪ್ರಮಾಣಪತ್ರಗಳ ಹಾವಳಿಯಿರುವಾಗ ನಾವು ಬಿಗಿಯಾಗಿರದೆ ಏನು ಮಾಡಬೇಕು? ಆಕ್ಷೇಪವು ಹುರುಳಿಲ್ಲದ್ದಲ್ಲ. ವಂಚಕನು ಕಸಿಯುವದು ಸರಕಾರದ ಹಣವನ್ನಷ್ಟೇ ಅಲ್ಲ, ನಿಜವಾದ ಅಂಗವಿಕಲನ ಮೇಲಿನ ಜನರ ವಿಶ್ವಾಸವನ್ನೂ ಹೌದು. ಅಂಥವನಿಗೆ ಎರಡು ವರುಷಗಳ ವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳ ವರೆಗೆ ದಂಡ, ಅಥವಾ ಎರಡನ್ನೂ ೯೧ನೆಯ ಕಲಮು ವಿಧಿಸಿದೆ. ಅದನ್ನು ಧಾರಾಳವಾಗಿ ಪ್ರಯೋಗಿಸಲಿ. ಆದರೆ ಕಾರಣವನ್ನು ಬರೆಯುವ ಪದ್ಧತಿಯಿಂದ ವಂಚಕನಿಗೆ ಯಾವ ಅನುಕೂಲವೂ ಇಲ್ಲ. ಸಕಾರಣವಾಗಿ ತಿರಸ್ಕೃತನಾದ ವಂಚಕನು ಅಪೀಲಿನಲ್ಲಿಯೂ ಸೋಲುವನು. ಅಕಾರಣವಾಗಿ ತಿರಸ್ಕೃತನಾದ ಸತ್ಯವಂತನು ಅಪೀಲಿಗೇ ಹೋಗಲಾರನು. ಬಾಯಿಮಾತಿನ ತಿರಸ್ಕಾರವು ಹೊಡೆಯುವದು ಸತ್ಯವಂತನನ್ನೇ.

ಪರದೇಶಗಳಲ್ಲಿಯೂ ಈ ವ್ಯವಹಾರವು ಸುಲಭವೇನಲ್ಲ. ಅಮೇರಿಕದಲ್ಲಿ ೧೯೫೬ರಲ್ಲಿ ಸ್ಥಾಪಿತವಾದ ಅಂಗವೈಕಲ್ಯ ವಿಮೆಯ ಮೊದಲ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ತಿರಸ್ಕೃತವಾಗುವವು. ಆದರೆ ತಿರಸ್ಕಾರದ ಪತ್ರದಲ್ಲಿಯೇ ಕಾರಣವಿರುವದು, ೬೦ ದಿವಸಗಳಲ್ಲಿ ಪುನರ್ವಿಚಾರ ಕೇಳಬಹುದೆಂಬ ಸೂಚನೆಯೂ ಇರುವದು. ಅಲ್ಲಿಯೂ ಸೋತವನು ನ್ಯಾಯಾಧಿಕಾರಿಯ ಮುಂದೆ ನಿಂತು ತನ್ನ ಸಂಕಟವನ್ನು ತಾನೇ ಹೇಳಿಕೊಳ್ಳಬಹುದು. ಅವರ ಐಶ್ವರ್ಯವು ನಮಗಿಲ್ಲ, ನಿಜ. ನಮ್ಮ ಸಂವಿಧಾನದ ೪೧ನೆಯ ಅನುಚ್ಛೇದವೂ ಅಂಗವೈಕಲ್ಯದಲ್ಲಿ ರಾಜ್ಯದ ಸಹಾಯವನ್ನು ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂದೇ ಹೇಳಿದೆ. ಆದರೆ ಒಂದು ಹಾಳೆಯ ಮೇಲೆ ಕಾರಣವನ್ನು ಬರೆದುಕೊಡಲು ಯಾವ ಐಶ್ವರ್ಯವು ಬೇಕು?

ಆದುದರಿಂದ ಸರಕಾರಕ್ಕೆ ನಮ್ಮ ಸೂಚನೆಗಳು ಇವು. ತಿರಸ್ಕೃತವಾದ ಪ್ರತಿಯೊಂದು ಅರ್ಜಿಗೂ ಸರಳ ಕನ್ನಡದಲ್ಲಿ ಕಾರಣವನ್ನೂ, ಅಪೀಲು ಯಾರಿಗೆ, ಎಷ್ಟು ದಿವಸಗಳೊಳಗೆ ಎಂಬುದನ್ನೂ ಬರೆದುಕೊಡಬೇಕು. ನಡೆಯುತ್ತಿರುವ ಮಾಸಾಶನವನ್ನು ಮುಂಚಿತವಾಗಿ ತಿಳುವಳಿಕೆ ಕೊಡದೆ ನಿಲ್ಲಿಸಕೂಡದು. ಎದ್ದು ಓಡಾಡಲಾರದವನನ್ನು ರಾಯಚೂರಿಗೆ ಎಳೆಯುವ ಬದಲು ವೈದ್ಯಮಂಡಲಿಯೇ ನಿಯತವಾಗಿ ಹೋಬಳಿಗೆ ಬರಬೇಕು. ಸಕಾಲದಲ್ಲಿ ಕೆಲಸ ಮಾಡದ ಅಧಿಕಾರಿಯು ದಿವಸಕ್ಕೆ ೨೦ ರೂಪಾಯಿಗಳಂತೆ ೫೦೦ರ ವರೆಗೆ ಕೊಡತಕ್ಕ ಪರಿಹಾರವನ್ನು ಅರ್ಜಿದಾರನು ಕೇಳುವ ತನಕ ಕಾಯದೆ ಕೊಡಿಸಬೇಕು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಬಹುಮಟ್ಟಿಗೆ ತಾವೇ ಅಂಗವಿಕಲರು. ಅಲ್ಪ ಗೌರವಧನಕ್ಕೆ ದುಡಿಯುವ ಅವರಿಗೆ ಅಪೀಲು ಬರೆಯುವ ತರಬೇತಿಯನ್ನೂ ಕೊಡಬೇಕು.

ಪಟ್ಟಣದ ವಿದ್ಯಾವಂತರಿಗೂ ಒಂದು ಮಾತು. ೨೦೧೧ರ ಜನಗಣತಿಯಲ್ಲಿ ದೇಶದೊಳಗೆ ೨ ಕೋಟಿ ೬೮ ಲಕ್ಷ ಅಂಗವಿಕಲರು ಎಣಿಕೆಗೆ ಬಂದರು. ಕರ್ನಾಟಕದಲ್ಲಿಯೇ ೧೩ ಲಕ್ಷಕ್ಕೆ ಮೀರಿದರು. ಇವರೆಲ್ಲರ ಅರ್ಜಿಯನ್ನು ಸರಕಾರವೇ ಬರೆಯಲಾರದು. ನಿಮ್ಮ ಓಣಿಯಲ್ಲಿ ಅಂಥ ಒಬ್ಬನಿದ್ದರೆ ಅವನ ಪ್ರಮಾಣಪತ್ರವನ್ನು ಓದಿ ನೋಡಿರಿ. ಅರ್ಜಿಯ ರಸೀದಿಯನ್ನು ಕಾದಿಡಲು ಹೇಳಿರಿ. ಕಾರಣವನ್ನು ತಿಳಿಸದಿದ್ದರೆ ೨೦೦೫ರ ಮಾಹಿತಿ ಹಕ್ಕಿನ ಕಾನೂನಿನ ಮೇರೆಗೆ ಕೇಳಿರಿ. ಉತ್ತರಕ್ಕೆ ಅಲ್ಲಿಯೂ ೩೦ ದಿವಸಗಳ ಅವಧಿಯಿರುವದರಿಂದ, ಅದರ ದಾರಿ ಕಾಯುತ್ತ ಅಪೀಲಿನ ದಿವಸಗಳನ್ನು ಕಳೆಯದಿರಿ. ಅಂಗವಿಕಲನಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ೧೯೮೭ರ ಕಾನೂನು ಸೇವೆಗಳ ಅಧಿನಿಯಮವು ಕೊಡುವದು. ತಾಲೂಕಿನ ಸಮಿತಿಗೆ ಅವನನ್ನು ಕರೆದೊಯ್ಯಿರಿ. ಎಲ್ಲಿಯೂ ನ್ಯಾಯ ಸಿಗದಿದ್ದರೆ, ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳನ್ನು ಪಡೆದ ರಾಜ್ಯ ಆಯುಕ್ತರಿದ್ದಾರೆ. ಅವರ ಶಿಫಾರಸಿನ ಮೇಲೆ ಕೈಕೊಂಡ ಕ್ರಮವನ್ನು ಸಂಬಂಧಪಟ್ಟ ಕಚೇರಿಯು ಮೂರು ತಿಂಗಳೊಳಗೆ ತಿಳಿಸತಕ್ಕದ್ದು.

ಬಳಗಾನೂರಿನ ನೆರೆಯ ಮಸ್ಕಿಯಲ್ಲಿ ೧೯೧೫ರಲ್ಲಿ ಬೆಳಕಿಗೆ ಬಂದ ಬಂಡೆಯ ಶಾಸನವು ಅಶೋಕನ ಹೆಸರನ್ನು ಜಗತ್ತಿಗೆ ಸ್ಪಷ್ಟಪಡಿಸಿತು. ಶ್ರೇಯಸ್ಸು ದೊಡ್ಡವರ ಸೊತ್ತಲ್ಲ, ಸಣ್ಣವರಿಗೂ ಅದು ಸಾಧ್ಯವೆಂಬುದು ಅದರ ಸಾರ. ತನ್ನ ಆಜ್ಞೆಯನ್ನು ಪ್ರಜೆಗಳ ನಾಡಿನಲ್ಲಿ, ಪ್ರಜೆಗಳ ಕಣ್ಣೆದುರಿಗೆ ಕಲ್ಲಿನ ಮೇಲೆ ಕೆತ್ತಿಸಿದ ಆ ಚಕ್ರವರ್ತಿಯ ನೆಲದಲ್ಲಿ, ಇಂದಿನ ಪ್ರಜಾಸರಕಾರದ ಕಚೇರಿಯು ತನ್ನ ಆಜ್ಞೆಯ ಕಾರಣವನ್ನು ಕಾಗದದ ಮೇಲಾದರೂ ಬರೆದುಕೊಡಲಿ ಎಂದು ಕೇಳುವದು ಹೆಚ್ಚಾಯಿತೆ?