ಬುಡದ ಮಣ್ಣಿನ ಉಡುಗೊರೆ

ನಮ್ಮ ಮಲೆನಾಡಿನ ಹೆಂಗಸರು ಡೇರೆ ಗೆಡ್ಡೆ ಕೇಳಿದವರಿಗೆ ಇಲ್ಲವೆನ್ನುವುದಿಲ್ಲ. ಒಳ್ಳೆಯದೇ. ಆದರೆ 'ಬುಡದ ಮಣ್ಣು ಸಮೇತ ಕಳಿಸಿದ್ದೇನೆ, ಬಾಡೋದಿಲ್ಲ' ಎಂದು ಹೆಮ್ಮೆಪಡುವುದಿದೆಯಲ್ಲ, ನನ್ನ ತಕರಾರು ಅದಕ್ಕೆ. ಕೊರಿಯರಿನಲ್ಲಿ ಗಿಡ ಮಾರುವವರೂ ಈಗ ಅದನ್ನೇ ದೊಡ್ಡ ಗುಣವೆಂದು ಹೇಳಿಕೊಳ್ಳುತ್ತಾರೆ.

ಆ ಹಿಡಿ ಮಣ್ಣಿನಲ್ಲಿ ಏನಿದೆಯೆಂದು ಯಾರು ಕಂಡಿದ್ದಾರೆ? ಟೊಮೆಟೊ, ಬದನೆ, ಶುಂಠಿಗಳನ್ನು ಸೊರಗಿಸುವ ರಾಲ್‌ಸ್ಟೋನಿಯ ಎಂಬ ಬ್ಯಾಕ್ಟೀರಿಯ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯಬಲ್ಲದು, ಡೇರೆಗೂ ತಗಲುತ್ತದೆ. ಸೊರಗಿದ ಟೊಮೆಟೊ ಕಾಂಡವನ್ನು ಕತ್ತರಿಸಿ ತಿಳಿನೀರಿನ ಲೋಟದಲ್ಲಿ ಇಳಿಬಿಟ್ಟರೆ ಹಾಲಿನೆಳೆಯಂತೆ ಬಿಳಿ ದ್ರವ ಇಳಿಯುತ್ತದೆ. ಏಳನೇ ತರಗತಿಯ ಮಕ್ಕಳಿಗೆ ತೋರಿಸಿದಾಗ ಬಾಯಿಬಿಟ್ಟುಕೊಂಡು ನೋಡಿದರು. ಹಿತ್ತಿಲಿಗೆ ಒಮ್ಮೆ ಹೊಕ್ಕಿತೋ, ನೆಚ್ಚಬಹುದಾದ ಔಷಧಿಯಿಲ್ಲ. ಮಳೆನೀರಿನೊಂದಿಗೆ ಬೇಲಿಯನ್ನೂ ದಾಟುತ್ತದೆ. ಹೂವಿನ ಆಸೆ ನಮ್ಮದು, ಬೆಳೆ ಕಳೆದುಕೊಳ್ಳುವವರು ಆಚೆಯವರು.

ತೊಳೆದರೆ ಸಾಯುತ್ತದೆ ಎನ್ನುತ್ತೀರಾ? ಗೆಡ್ಡೆ ಸಾಯುವುದಿಲ್ಲ ಕಣ್ರೀ. ಹೂ ಮುಗಿದು ಕಾಂಡ ಒಣಗಿದ ಮೇಲೆ ಕಿತ್ತು, ತೊಳೆದು, ನೆರಳಲ್ಲಿ ಆರಿಸಿ, ಒಣಗಿದ ತೆಂಗಿನ ನಾರಿನ ಪುಡಿಯಲ್ಲಿಟ್ಟು ಕಳಿಸಿ. ಕೊಳೆತ ಕಲೆ, ಬೇರಿನ ಗಂಟು ಕಣ್ಣಿಗೆ ಬೀಳುವುದೂ ತೊಳೆದಾಗಲೇ. ಎಲೆಯಲ್ಲಿ ಹಳದಿ ಗೆರೆ ಮೂಡಿಸುವ ಮೊಸಾಯಿಕ್ ನಂಜು ಮಾತ್ರ ಗೆಡ್ಡೆಯೊಳಗೇ ಇರುತ್ತದೆ, ತೊಳೆದರೆ ಹೋಗದು. ಅಂಥ ಗಿಡದ ಹೂ ಎಷ್ಟೇ ಚಂದವಿರಲಿ, ಗೆಡ್ಡೆ ಹಂಚಬೇಡಿ.

ಹೊರದೇಶದ ಗಿಡಕ್ಕೆ ಮಣ್ಣು ಅಂಟಿರಬಾರದೆಂದು ಸರ್ಕಾರ 2003ರ ಆದೇಶದಲ್ಲೇ ಹೇಳಿದೆ. ಸಾಗರದಿಂದ ಮೈಸೂರಿಗೆ ಹೋಗುವ ಪೊಟ್ಟಣವನ್ನು ಬಿಚ್ಚಿ ನೋಡುವವರು ಯಾರು? ಕಟ್ಟುವವಳೇ ನೋಡಬೇಕು. ನನಗೆ ಮಣ್ಣು ಮೆತ್ತಿದ್ದು ಬಂದರೆ, ಕಳಿಸಿದವಳು ನಾದಿನಿಯೇ ಆಗಲಿ, ನೆಲಕ್ಕಿಡದೆ ದೂರದ ಕುಂಡದಲ್ಲಿ ಒಂದು ಮಳೆಗಾಲ ಕಾಯಿಸುತ್ತೇನೆ. ಅವಳು ಮುನಿಸಿಕೊಂಡಿದ್ದೂ ಉಂಟು.